41ಕ್ಕೆ ಯಕ್ಷಗಾನದ ಗೆಜ್ಜೆ ಕಟ್ಟಿದ ಮೇಲೆ ಸಿನಿಮಾ ನೋಡೋಕೇ ಆಗುತ್ತಿಲ್ಲ, ನಿಮಗೂ ಹೀಗಾಗಿದೆಯಾ?

ಮೂರನೇ ಸಾಲು:

ಉದ್ದ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ನನಗೆ ಈಗ 43. ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ, ಹುಟ್ಟಿ ಬೆಳೆದದ್ದು ತಿಪಟೂರು ಕಡೆಯ ಹಳ್ಳಿ. ಸಿನಿಮಾ ಅಂದರೆ ನನಗೆ ಊಟದ ಹಾಗೆ. ಕಾಲೇಜಿಗೆ ಅಂತ ಬೆಂಗಳೂರಿಗೆ ಬಂದಾಗ ಮೊದಲು ಪರಿಚಯವಾದ ರಸ್ತೆಯೇ ಕೆ.ಜಿ. ರಸ್ತೆ. ಸಂತೋಷ್, ನರ್ತಕಿ, ಕಪಾಲಿ, ಒಂದರಲ್ಲಿ ಟಿಕೆಟ್ ಸಿಗದಿದ್ದರೆ ಪಕ್ಕದ್ದು. ಯಾವ ಸಿನಿಮಾ ಅನ್ನುವುದು ಆಮೇಲಿನ ಮಾತು.

ನಾಟಕ ತಡವಾಗಿ ಹತ್ತಿಕೊಂಡಿತು. ಮದುವೆಯಾದ ಮೇಲೆ ಜೆ.ಪಿ. ನಗರದಲ್ಲಿ ಮನೆ ಮಾಡಿದೆವು, ರಂಗಶಂಕರಕ್ಕೆ ನಡೆದುಕೊಂಡೇ ಹೋಗಬಹುದಿತ್ತು. ಅಲ್ಲಿ ಏಳೂವರೆ ಅಂದರೆ ಏಳೂವರೆ. ಬಾಗಿಲು ಹಾಕಿದ ಮೇಲೆ ಯಾರೇ ಬಂದರೂ ಬಿಡುವುದಿಲ್ಲ. ಆ ಶಿಸ್ತು ನನಗೆ ಇಷ್ಟ. ಏಳಕ್ಕೇ ಹೋಗಿ ಕೆಳಗಡೆ ಅಕ್ಕಿರೊಟ್ಟಿ ತಿಂದು, ಮೊಬೈಲ್ ಆಫ್ ಮಾಡಿ, ಒಳಗೆ ಹೋಗಿ ಕೂತರೆ ಒಂದೂವರೆ ಗಂಟೆ ಆಫೀಸೂ ಇಲ್ಲ, ಮನೆಯೂ ಇಲ್ಲ.

ಪುಸ್ತಕ ಅಂತೂ ಯಾವತ್ತೂ ಇತ್ತು. ಗಾಂಧಿಬಜಾರಿಗೆ ಹೂವು ತರಲು ಹೋದವಳು ಪುಸ್ತಕದ ಚೀಲ ಹಿಡಿದು ಬರುತ್ತೇನೆ, ಹೂವು ಮರೆತಿರುತ್ತೇನೆ.

ಎರಡು ವರ್ಷದ ಹಿಂದೆ ಮಗಳನ್ನು ಯಕ್ಷಗಾನ ಕ್ಲಾಸಿಗೆ ಸೇರಿಸಿದೆ. ಬಡಗುತಿಟ್ಟು, ಅಂದರೆ ಉತ್ತರದ ಕಡೆಯ ಶೈಲಿ. ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತು. ಅವಳು ಮೂರನೇ ವಾರಕ್ಕೆ ಬಿಟ್ಟಳು. ಕಟ್ಟಿದ ಫೀಸು ವಾಪಸ್ ಕೇಳಲು ಹೋದಾಗ ಗುರುಗಳು "ನೀವೇ ನಿಂತುಕೊಳ್ಳಿ ಅಮ್ಮ, ಮೂರು ವಾರ ಗೋಡೆಗೆ ಒರಗಿ ಕೂತು ತಾಳ ಹಾಕುತ್ತಿದ್ದಿರಿ, ನಾನು ನೋಡಿದ್ದೇನೆ" ಅಂದರು. ನಿಂತೆ. ಇವತ್ತಿಗೂ ನಿಂತಿದ್ದೇನೆ.

ಮೊದಲ ಆರು ತಿಂಗಳು ಬರೀ ಬಾಯಿತಾಳ ಮತ್ತು ಹೆಜ್ಜೆ. ಬಾಯಲ್ಲಿ ಹೇಳುವಾಗ ಎಲ್ಲ ಸರಿ. ಕಾಲಿಗೆ ಇಳಿಯುವ ಹೊತ್ತಿಗೆ ಎಡಗಾಲು ಒಂದು ಗಳಿಗೆ ತಡ. ಯಾವಾಗಲೂ ಎಡಗಾಲೇ. ನನ್ನ ಪಕ್ಕದ ಹುಡುಗನಿಗೆ ಹನ್ನೊಂದು ವರ್ಷ, ಅವನು ನನ್ನ ಕಾಲು ನೋಡಿ ನಕ್ಕರೆ ತನಗೆ ತಾಳ ತಪ್ಪುತ್ತದೆ ಅಂತ ನೆತ್ತಿ ಎತ್ತಿ ಫ್ಯಾನು ನೋಡಿಕೊಂಡು ಕುಣಿಯುತ್ತಾನೆ.

ಈಗ ಸಮಸ್ಯೆಗೆ ಬರುತ್ತೇನೆ.

ಸಿನಿಮಾ ನೋಡೋಕೆ ಆಗುತ್ತಿಲ್ಲ. ಮನೆಯಲ್ಲಿ ಹಾಕಿದರೆ ಹದಿನೈದು ನಿಮಿಷಕ್ಕೆ ನಿಲ್ಲಿಸುತ್ತೇನೆ. ಥಿಯೇಟರಿಗೆ ಹೋದರೆ ಹಾಡು ಬಂದ ಕೂಡಲೇ ಕಣ್ಣು ಕಾಲಿನ ಮೇಲೆ ಹೋಗುತ್ತದೆ, ಆದರೆ ಕಾಲು ತೋರಿಸಬೇಕಲ್ಲ! ಎರಡು ಹೆಜ್ಜೆ ಹಾಕುವಷ್ಟರಲ್ಲಿ ಕಟ್. ಮುಖ, ಕಟ್, ಸೊಂಟ, ಕಟ್, ಮೇಲಿಂದ ಡ್ರೋನು. ಹಿಂದೆಲ್ಲ ಶಿಳ್ಳೆ ಹೊಡೆಯುತ್ತಿದ್ದವಳು ಈಗ ಒಳಗೊಳಗೇ "ಕಾಲು ತೋರಿಸ್ರಪ್ಪಾ" ಅಂತ ಗೊಣಗುತ್ತೇನೆ. ಯಜಮಾನರು ನನ್ನ ಜೊತೆ ಸಿನಿಮಾಕ್ಕೆ ಬರುವುದನ್ನೇ ಬಿಟ್ಟಿದ್ದಾರೆ.

ಕಾದಂಬರಿ ಅರವತ್ತನೇ ಪುಟಕ್ಕೆ ನಿಲ್ಲುತ್ತದೆ. ಆದರೆ ಒಂದು ವಿಚಿತ್ರ. ಮಾತುಗಾರಿಕೆಗೆ ಬೇಕಾಗುತ್ತದೆ ಅಂತ ಗುರುಗಳು ಗದುಗಿನ ಭಾರತ ಓದಲು ಹೇಳಿದರು, ಅದನ್ನು ಮಾತ್ರ ದಿನಾ ರಾತ್ರಿ ಎರಡು ಪದ್ಯ ಜೋರಾಗಿ ಓದುತ್ತೇನೆ. ಅರ್ಧ ಅರ್ಥವಾಗುವುದಿಲ್ಲ. ಆದರೂ ಬಿಡಲು ಮನಸ್ಸಿಲ್ಲ.

ಕೊನೆಯದು, ಇದೇ ನಿದ್ದೆ ಕೆಡಿಸಿರುವುದು. ಕ್ಲಾಸಿನವರ ವಾರ್ಷಿಕ ಆಟ, ಅಂದರೆ ಯಕ್ಷಗಾನ ಪ್ರದರ್ಶನ, ಬರುತ್ತಿದೆ. ಗುರುಗಳು ನನಗೆ ಬಾಲಗೋಪಾಲ ವೇಷ ಅಂದಿದ್ದಾರೆ. ಕೃಷ್ಣ ಬಲರಾಮರ ಜೋಡಿ ವೇಷ ತಾನೇ, ಇನ್ನೊಬ್ಬ ಬಾಲಗೋಪಾಲ ಯಾರು ಗೊತ್ತಾ? ಅದೇ ಹನ್ನೊಂದು ವರ್ಷದವನು. ನನ್ನ ತೂಕ ಅವನ ಎರಡರಷ್ಟಿದೆ.

ಒಂದನ್ನು ಮಾಡಲು ಕಲಿತರೆ ಇನ್ನೊಂದನ್ನು ನೋಡುವ ಸುಖ ಹೋಗಿಬಿಡುತ್ತದಾ? ಮತ್ತೆ ಈ ವೇಷ, ಕಟ್ಟಲೋ ಬೇಡವೋ?

ಕುಂದಾಪ್ರದ ಮಾಣಿ:

ಹ್ವಾಯ್ ಅಕ್ಕಾ, ಎರಡನೇ ಪ್ರಶ್ನೆಗೆ ಮೊದಲು ಉತ್ತರ. ಕಟ್ಟಿ.

ಬಾಲಗೋಪಾಲ ಅಂದರೆ ಮಕ್ಕಳಾಟ ಅಂದುಕೊಂಡಿದ್ದೀರಿ, ಅಲ್ವಾ? ಮೇಳಕ್ಕೆ ಹೊಸದಾಗಿ ಸೇರಿದವರು ಮೊದಲು ಕೋಡಂಗಿ ಕುಣಿಯಬೇಕು, ಆಮೇಲೆ ಬಾಲಗೋಪಾಲ, ಆಮೇಲೆ ಪೀಠಿಕೆ ಸ್ತ್ರೀವೇಷ. ದೊಡ್ಡ ದೊಡ್ಡ ಕಲಾವಿದರು ಈ ದಾರಿಯಲ್ಲೇ ಮೇಲೆ ಬಂದವರು. ಪೂರ್ವರಂಗ, ಅಂದರೆ ಕಥೆ ಶುರುವಾಗುವ ಮೊದಲಿನ ಈ ಕುಣಿತಗಳು, ಕಾಲು ಪಳಗಿಸುವ ಜಾಗ. ಅಲ್ಲಿ ಮಾತಿಲ್ಲ, ಕಥೆ ಇಲ್ಲ, ಬರೀ ಹೆಜ್ಜೆ. ಹಾಗಾಗಿ ನಿಮ್ಮ ಗುರುಗಳು ನಿಮ್ಮನ್ನು ತಮಾಷೆ ಮಾಡುತ್ತಿಲ್ಲ. ಕೋಡಂಗಿ ಬಿಟ್ಟು ನೇರ ಎರಡನೇ ಮೆಟ್ಟಿಲಿಗೆ ಹತ್ತಿಸಿದ್ದಾರೆ, ಅದಕ್ಕೆ ಸಂತೋಷಪಡಿ.

ಇನ್ನು ಹದಿನೈದು ನಿಮಿಷಕ್ಕೆ ಸಿನಿಮಾ ನಿಲ್ಲಿಸುತ್ತೀರಿ ಅಂದಿರಿ. ಅದು ರೋಗ ಅಂತ ನನಗೆ ಅನಿಸುವುದಿಲ್ಲ. ನಮ್ಮ ಅಜ್ಜಿ ಆಟಕ್ಕೆ ಹೊರಟರೆ ಕಂಕುಳಲ್ಲಿ ಚಾಪೆ ಇರುತ್ತಿತ್ತು. ಒಡ್ಡೋಲಗ (ವೇಷಗಳು ಮೊದಲ ಸಲ ರಂಗಕ್ಕೆ ಬರುವುದು) ನೋಡಿ ಮಲಗುತ್ತಿದ್ದರು, ಗೊರಕೆ ಸಮೇತ. ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬರುವಾಗ ಚೆಂಡೆ ಬದಲಾಗುತ್ತದಲ್ಲ, ಆ ಪೆಟ್ಟಿಗೆ ತನ್ನಷ್ಟಕ್ಕೇ ಎದ್ದು ಕೂರುತ್ತಿದ್ದರು. ಬೆಳಿಗ್ಗೆ ಮನೆಗೆ ಬಂದು ಇಡೀ ಪ್ರಸಂಗ ಬಿಡದೆ ಹೇಳುತ್ತಿದ್ದರು. ನಿದ್ದೆ ಮಾಡಿದ ಭಾಗ ಕೂಡ. ಕಥೆ ಮೊದಲೇ ಗೊತ್ತು ಮಾರ್ರೆ, ಅಭಿಮನ್ಯು ಸಾಯುತ್ತಾನೆ ಅಂತ ಯಾರಿಗೆ ಗೊತ್ತಿಲ್ಲ? ಇವತ್ತು ಈ ಕಲಾವಿದ ಹೇಗೆ ಒಳಗೆ ಹೋಗುತ್ತಾನೆ ಅಂತ ನೋಡಲು ಹೋಗುವುದು. ಈಗ ಕಾಲಮಿತಿ ಆಟ ಬಂದು ಮೂರು ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ, ಮಲಗಲು ಪುರಸೊತ್ತೇ ಇಲ್ಲ. ಅದೊಂದು ನಷ್ಟ ಅಂತ ನಾನು ಹೇಳಿದರೆ ಎಲ್ಲರೂ ನಗುತ್ತಾರೆ.

ಒಂದು ಅಧಿಕಪ್ರಸಂಗ. ತಿಪಟೂರಿನವರು ಬಡಗು ಕಲಿಯಲು ಬಂದಿರಿ, ಖುಷಿ. ಆದರೆ ತುಮಕೂರು, ಹಾಸನ, ಮಂಡ್ಯದ ಕಡೆ ಮೂಡಲಪಾಯ ಅಂತ ಬಯಲುಸೀಮೆಯ ಯಕ್ಷಗಾನ ಇದೆಯಲ್ಲ. ಮುಖವೀಣೆ ಊದುವ ಆಟ. ನಿಮ್ಮ ಮನೆಯಲ್ಲೇ ಯಾರಾದರೂ ಕುಣಿದಿರಬಹುದು, ಕೇಳಿ ನೋಡಿ.

ಸೆಕೆಂಡ್ ಶೋ:

ಮೇಡಂ, ನಾನು ಸಿನಿಮಾ ಪಕ್ಷದವನು, ಹಾಗಾಗಿ ಸ್ವಲ್ಪ ಜಗಳ ಆಡುತ್ತೇನೆ.

ಕಾಲು ತೋರಿಸುವುದಿಲ್ಲ ಅನ್ನುವ ನಿಮ್ಮ ದೂರು ನೂರಕ್ಕೆ ನೂರು ಸರಿ. ಹಳೇ ಕಪ್ಪು ಬಿಳುಪು ಸಿನಿಮಾದ ಹಾಡು ಹಾಕಿ ನೋಡಿ, ಕ್ಯಾಮೆರಾ ದೂರದಲ್ಲಿ ಸುಮ್ನೆ ನಿಂತಿರುತ್ತದೆ, ಕುಣಿಯುವವರು ತಲೆಯಿಂದ ಕಾಲಿನವರೆಗೆ ಕಾಣುತ್ತಾರೆ. ತಪ್ಪಿದರೆ ತಪ್ಪಿದ್ದೂ ಕಾಣುತ್ತದೆ. ಈಗ ಕುಣಿಯಲು ಬಾರದವರನ್ನೂ ಎಡಿಟಿಂಗ್ ಮೇಜಿನ ಮೇಲೆ ಕುಣಿಸಬಹುದು. ಆದರೆ ಅದರಿಂದ ಸಿನಿಮಾ ನೋಡುವ ಸುಖವೇ ಹೋಯಿತು ಅಂದರೆ ನಾನು ಒಪ್ಪುವುದಿಲ್ಲ. ನಿಮಗೆ ಮೊದಲು ಕಾಣದಿದ್ದ ಒಂದು ಈಗ ಕಾಣುತ್ತಿದೆ, ಅಷ್ಟೇ. ನನಗೂ ಹೀಗಾಗಿತ್ತು. ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿಗೆ (1971ರಲ್ಲೇ ಶುರುವಾದದ್ದು) ಹೋಗಲು ಶುರು ಮಾಡಿದ ಹೊಸತರಲ್ಲಿ ಕಟ್ ಎಲ್ಲಿ ಬಿತ್ತು ಅಂತ ಲೆಕ್ಕ ಹಾಕುವುದೇ ಕೆಲಸವಾಗಿತ್ತು, ಕಥೆ ತಲೆಗೇ ಹೋಗುತ್ತಿರಲಿಲ್ಲ. ಒಂದು ವರ್ಷ ಹಾಗೇ ಇತ್ತು. ಆಮೇಲೆ ಒಂದು ದಿನ ಲೆಕ್ಕ ಮರೆತುಹೋಯಿತು.

ನಿಮಗೆ ಒಂದು ಔಷಧಿ ಹೇಳುತ್ತೇನೆ. ವೈದೇಹಿಯವರ ಗುಲಾಬಿ ಟಾಕೀಸು ಕಥೆ ಓದಿ. ಕಾದಂಬರಿ ಅಲ್ಲ, ಸಣ್ಣಕಥೆ, ಅರವತ್ತನೇ ಪುಟದ ಭಯ ಇಲ್ಲ. ಆಮೇಲೆ ಗಿರೀಶ್ ಕಾಸರವಳ್ಳಿಯವರು 2008ರಲ್ಲಿ ಮಾಡಿದ ಸಿನಿಮಾ ನೋಡಿ. ಕಥೆಯಲ್ಲಿ ಊರಿಗೆ ಟಾಕೀಸು ಬರುತ್ತದೆ. ಸಿನಿಮಾದಲ್ಲಿ ಮನೆಯೊಳಗೆ ಬಣ್ಣದ ಟಿ.ವಿ. ಬರುತ್ತದೆ, ಅದೂ ಮೀನುಗಾರರ ಊರಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಲ್ಲಿ. "ಕಥೆ ಹಾಳು ಮಾಡಿದ್ದಾರೆ" ಅಂತ ನನ್ನ ಗೆಳೆಯನೊಬ್ಬ ಅಂದ. ನನಗೆ ಹಾಗನಿಸಲಿಲ್ಲ. ಒಂದೇ ಬೀಜ, ಬೇರೆ ಮಣ್ಣು. ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಈ ಸಿನಿಮಾಕ್ಕೇ. ಅವರು ಟಿ.ವಿ. ಮುಂದೆ ಕೂತಿರುವ ರೀತಿ ನೋಡಿ. ಕುಣಿತ ಇಲ್ಲ, ಹಾಡಿಲ್ಲ, ಆದರೆ ಮೈಯೆಲ್ಲ ಮಾತಾಡುತ್ತದೆ. ನೀವು ಕಾಲು ನೋಡುವವರು, ನಿಮಗೆ ನನಗಿಂತ ಜಾಸ್ತಿ ಕಾಣಬೇಕು.

ಮತ್ತೆ ದಯವಿಟ್ಟು ಮನೆಯಲ್ಲಿ ನೋಡಬೇಡಿ. ಕುಕ್ಕರ್ ಕೂಗುವ ಕಡೆ ಯಾವ ಸಿನಿಮಾ ನಿಲ್ಲುತ್ತದೆ ಹೇಳಿ. ರಂಗಶಂಕರದಲ್ಲಿ ಬಾಗಿಲು ಹಾಕುತ್ತಾರೆ ಅಂತ ನಾಟಕ ನೋಡಲು ಆಗುತ್ತಿದೆ. ಸಿನಿಮಾಕ್ಕೂ ಯಾರಾದರೂ ಬಾಗಿಲು ಹಾಕಬೇಕು.

ಕುಣಿತದ ಬಗ್ಗೆ ನಾನೇನೂ ಹೇಳಲಾರೆ. ನನ್ನ ಮದುವೆಯ ಮೆರವಣಿಗೆಯಲ್ಲೂ ನಾನು ಕುಣಿದಿಲ್ಲ.

ನಾಲ್ಕನೇ ಎಣಿಕೆ:

ಎಲ್ಲರೂ ಕಟ್ಟಿ ಕಟ್ಟಿ ಅನ್ನುತ್ತೀರಿ ಅಂತ ಕಾಣುತ್ತದೆ, ನಾನು ಬೇಡ ಅನ್ನುತ್ತೇನೆ. ಬೈದುಕೊಳ್ಳಬೇಡಿ.

ನಾನು ಸಾಲ್ಸಾ ಕಲಿತೆ. ಹೌದು, ಸಾಲ್ಸಾ, ದಾವಣಗೆರೆ ಹುಡುಗ, ನಗುವವರು ನಕ್ಕುಬಿಡಿ. ಒಂದು ಎರಡು ಮೂರು, ಐದು ಆರು ಏಳು. ನಾಲ್ಕು ಮತ್ತು ಎಂಟಕ್ಕೆ ಹೆಜ್ಜೆ ಇಲ್ಲ, ಬರೀ ಕಾಯುವುದು. ಆ ನಾಲ್ಕನೇ ಎಣಿಕೆ ನನಗೆ ಪ್ರಾಣ. ವಾರವೆಲ್ಲ ಆಫೀಸಲ್ಲಿ ಓಡಿದವನಿಗೆ "ಇಲ್ಲಿ ಏನೂ ಮಾಡಬೇಡ" ಅಂತ ಸಂಗೀತವೇ ಹೇಳುತ್ತದೆ. ಒಂದೂವರೆ ವರ್ಷ ಚೆನ್ನಾಗಿತ್ತು. ಆಮೇಲೆ ಕ್ಲಾಸಿನವರು ಸ್ಟೇಜ್ ಶೋ, ಸ್ಪರ್ಧೆ ಅಂದರು. ಬಟ್ಟೆ ಹೊಲಿಸಿದೆವು, ದಿನಾ ರಾತ್ರಿ ಹನ್ನೊಂದರವರೆಗೆ ಪ್ರಾಕ್ಟೀಸು, ಜೊತೆಗಾರ್ತಿಗೆ ನನ್ನ ಮೇಲೆ ಸಿಟ್ಟು, ನನಗೆ ಕನ್ನಡಿ ಮೇಲೆ ಸಿಟ್ಟು. ಸ್ಪರ್ಧೆಯಲ್ಲಿ ಆರನೇ ಸ್ಥಾನ. ಮಾರನೇ ವಾರದಿಂದ ಹೋಗಲೇ ಇಲ್ಲ. ಶೂ ಇನ್ನೂ ಅಟ್ಟದ ಮೇಲಿದೆ.

ನೀವು ಭಾನುವಾರ ಏಳರಿಂದ ಒಂಬತ್ತು ಕುಣಿಯುತ್ತಿದ್ದೀರಿ. ಯಾರೂ ನೋಡುತ್ತಿಲ್ಲ. ಅದನ್ನು ಯಾಕೆ ಕೆಡಿಸಿಕೊಳ್ಳುತ್ತೀರಿ?

ಕುಂದಾಪ್ರದ ಮಾಣಿ:

ಸಾಲ್ಸಾದವರೇ, ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಇಲ್ಲಿ ಸ್ಪರ್ಧೆ ಇಲ್ಲವಲ್ಲ. ಆರನೇ ಸ್ಥಾನ ಕೊಡಲು ಬಾಲಗೋಪಾಲ ಇರುವುದೇ ಇಬ್ಬರು.

ಸೋಮವಾರ ರಜೆ:

ನಾನು ಮೈಸೂರಿನವಳು, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತಳಾಗಿ ಆರು ವರ್ಷ ಆಯಿತು. ಟೈಪ್ ಮಾಡುವುದು ನಿಧಾನ, ಆದ್ದರಿಂದ ಪುಸ್ತಕದ ವಿಷಯ ಒಂದನ್ನೇ ಹೇಳುತ್ತೇನೆ.

ಮಲೆಗಳಲ್ಲಿ ಮದುಮಗಳು ಕಾದಂಬರಿಯನ್ನು ನಾನು ಮೂರು ಸಲ ಶುರು ಮಾಡಿ ಮೂರು ಸಲ ಬಿಟ್ಟಿದ್ದೆ. ಅಷ್ಟು ಜನ, ಅಷ್ಟು ಮನೆ, ಯಾರು ಯಾರಿಗೆ ಏನಾಗಬೇಕು ಅಂತ ನೆನಪೇ ನಿಲ್ಲುತ್ತಿರಲಿಲ್ಲ. 2010ರಲ್ಲಿ ರಂಗಾಯಣದ ಆವರಣದಲ್ಲಿ ಅದನ್ನು ನಾಟಕ ಮಾಡಿದರು. ಸಿ. ಬಸವಲಿಂಗಯ್ಯನವರ ನಿರ್ದೇಶನ. ಸುಮಾರು ಒಂಬತ್ತು ಗಂಟೆ, ರಾತ್ರಿ ಶುರುವಾಗಿ ಬೆಳಗಿನವರೆಗೆ. ನಾನು ಗುಂಪಿನಲ್ಲಿ ಕಂಬಳಿ, ಚಾಪೆ, ಒಂದು ಫ್ಲಾಸ್ಕ್ ಕಾಫಿ ಹೊತ್ತು ಹೋಗಿದ್ದೆ. ಒಂದು ಕಡೆ ಆಟ ಮುಗಿದರೆ ಪ್ರೇಕ್ಷಕರೆಲ್ಲ ಎದ್ದು ಇನ್ನೊಂದು ಕಡೆಯ ರಂಗಕ್ಕೆ ನಡೆಯಬೇಕು. ಕತ್ತಲಲ್ಲಿ ಜನ ಚಾಪೆ ಸುತ್ತಿಕೊಂಡು ಹೋಗುವುದು ನೋಡಿದರೆ ನಾವೇ ಆ ಕಾದಂಬರಿಯ ಕಾಡಿನಲ್ಲಿ ಹೊರಟವರ ಹಾಗೆ ಇತ್ತು. ಮೂರು ಗಂಟೆಗೆ ಚಳಿ ಹಿಡಿಯಿತು. ನನ್ನ ಪಕ್ಕ ಒಬ್ಬ ಹುಡುಗ ತೂಕಡಿಸಿ ನನ್ನ ಹೆಗಲ ಮೇಲೆ ಬಿದ್ದ, ಎಬ್ಬಿಸಲಿಲ್ಲ. ಬೆಳಿಗ್ಗೆ ಮನೆಗೆ ಬಂದು ಸ್ನಾನ ಮಾಡಿ ಪುಸ್ತಕ ತೆಗೆದೆ. ಆ ತಿಂಗಳಲ್ಲಿ ಮುಗಿಯಿತು. ಈಗ ಪ್ರತಿಯೊಬ್ಬರಿಗೂ ಒಂದು ಮುಖ ಇತ್ತು, ನಡಿಗೆ ಇತ್ತು. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಅನುಭವ ಉಲ್ಟಾ. ಒಂದು ಇನ್ನೊಂದನ್ನು ತೆಗೆಯಲಿಲ್ಲ, ಎಳೆದುಕೊಂಡು ಬಂತು.

ಗದುಗಿನ ಭಾರತ ಜೋರಾಗಿ ಓದುತ್ತೇನೆ ಅಂದಿರಲ್ಲ, ಅದನ್ನು ಓದಿ ನನಗೆ ತುಂಬಾ ಸಂತೋಷವಾಯಿತು. ಅದು ಕಣ್ಣಲ್ಲಿ ಓದುವ ಕಾವ್ಯವೇ ಅಲ್ಲ. ಗಮಕಿಗಳು ಹಾಡಿ, ಇನ್ನೊಬ್ಬರು ವ್ಯಾಖ್ಯಾನ ಹೇಳಿ, ಊರಿನವರು ಕೂತು ಕೇಳುವ ಪದ್ಧತಿ ನಮ್ಮಲ್ಲಿ ಎಷ್ಟು ಕಾಲದಿಂದ ಇದೆ. ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಪದ್ಯ ಓದುವಾಗ ತೊಡೆ ಮೇಲೆ ಕೈ ತಟ್ಟಿ. ಭಾಮಿನಿ ಷಟ್ಪದಿಯ ನಡೆ ಮೂರು, ನಾಲ್ಕು, ಮೂರು, ನಾಲ್ಕು. ಸಾಲು ಸಾಲೂ ಹಾಗೇ ಹೋಗುತ್ತದೆ, ಮೂರನೆಯ ಮತ್ತು ಆರನೆಯ ಸಾಲು ಮಾತ್ರ ಇನ್ನಷ್ಟು ಉದ್ದ, ಕೊನೆಗೆ ಒಂದು ಗುರು (ಎರಡು ಮಾತ್ರೆಯ ಅಕ್ಷರ) ಎಳೆದು ನಿಲ್ಲುತ್ತದೆ. ಮೂರೂ ನಾಲ್ಕೂ ಸೇರಿ ಏಳು ಮಾತ್ರೆ. ನಿಮ್ಮ ತ್ರಿವುಡೆ ತಾಳಕ್ಕೂ ಏಳೇ ತಾನೇ? ನಿಮ್ಮ ಕಾಲಿಗೆ ಗೊತ್ತಿರುವುದನ್ನೇ ನೀವು ಓದುತ್ತಿದ್ದೀರಿ, ಅದಕ್ಕೇ ಬಿಡಲು ಮನಸ್ಸಿಲ್ಲ.

ವೇಷದ ವಿಷಯ ನೀವೇ ತೀರ್ಮಾನ ಮಾಡಿ. ನನ್ನ ವಯಸ್ಸಿಗೆ 43 ಅಂದರೆ ಹುಡುಗಿ.

ಮೂರನೇ ಸಾಲು:

ಎರಡು ದಿನ ಆಫೀಸಿನಲ್ಲಿ ಆಡಿಟ್, ಈಗ ಬಂದೆ. ಎಲ್ಲರ ಮಾತೂ ಓದಿದೆ, ಕೆಲವನ್ನು ಎರಡು ಸಲ.

ಮೈಸೂರಿನ ಮೇಡಂ, ನಿನ್ನೆ ರಾತ್ರಿ ತಟ್ಟಿ ನೋಡಿದೆ. ಮೂರು ನಾಲ್ಕು ಮೂರು ನಾಲ್ಕು. ಐದನೇ ಪದ್ಯಕ್ಕೆ ಬರುವಷ್ಟರಲ್ಲಿ ಕಾಲೇ ಅಲ್ಲಾಡುತ್ತಿತ್ತು, ಯಜಮಾನರು ಮಂಚ ನಡುಗುತ್ತಿದೆ ಅಂತ ದೀಪ ಹಾಕಿ ನೋಡಿದರು. ದಿನಾ ಎರಡು ಪದ್ಯ ಓದುತ್ತಿದ್ದವಳು ಹದಿನಾಲ್ಕು ಓದಿದೆ. ಅರ್ಥ ಈಗಲೂ ಅರ್ಧವೇ. ಇನ್ನೊಂದು ತಮಾಷೆ, ಎಡಗಾಲು ತಡವಾಗುತ್ತದೆ ಅಂದಿದ್ದೆನಲ್ಲ, ಅದು ಎಲ್ಲಿ ತಡವಾಗುತ್ತದೆ ಅಂತ ಈಗ ಗೊತ್ತಾಯಿತು. ಮೂರು ಮುಗಿಸಿ ನಾಲ್ಕಕ್ಕೆ ಹೋಗುವ ಕಡೆ ನಾನು ಉಸಿರು ತೆಗೆದುಕೊಳ್ಳುತ್ತೇನೆ. ಓದುವಾಗಲೂ ಅಲ್ಲೇ ನಿಲ್ಲುತ್ತಿದ್ದೆ.

ಸೆಕೆಂಡ್ ಶೋ ಅವರೇ, ಕಥೆ ಓದಿದೆ, ಬಸ್ಸಿನಲ್ಲೇ. ಸಿನಿಮಾ ಇನ್ನೂ ಇಲ್ಲ. ಬಾಗಿಲು ಹಾಕುವವರು ಯಾರಾದರೂ ತೋರಿಸುವಾಗ ನೋಡುತ್ತೇನೆ, ನಿಮ್ಮ ಮಾತು ಮನಸ್ಸಿಗೆ ನಾಟಿದೆ. ಆದರೆ ಡ್ರೋನು ಹಾಡುಗಳ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ನಾಲ್ಕನೇ ಎಣಿಕೆಯವರೇ, ಎಲ್ಲರಿಗಿಂತ ಜಾಸ್ತಿ ಯೋಚನೆಗೆ ಹಚ್ಚಿದ್ದು ನಿಮ್ಮ ಮಾತು. ನೀವು ಹೇಳಿದ್ದೇ ನನ್ನ ಭಯ. ಭಾನುವಾರ ಗುರುಗಳಿಗೆ ನೇರವಾಗಿ ಕೇಳಿದೆ, ವೇಷ ಕಟ್ಟದಿದ್ದರೂ ಕಲಿಯಲು ಬರಬಹುದಾ ಅಂತ. "ಬನ್ನಿ, ಅದಕ್ಕೇನು" ಅಂದರು. ಹಾಗೆ ಅಂದಮೇಲೆ ಯಾಕೋ ಹೆದರಿಕೆ ಅರ್ಧ ಇಳಿಯಿತು. ಶೂ ಅಟ್ಟದಿಂದ ಇಳಿಸಿ ಸಾರ್, ಸ್ಪರ್ಧೆಗಲ್ಲ, ಆ ನಾಲ್ಕನೇ ಎಣಿಕೆಗೆ.

ಮಾಣಿಯವರೇ, ಅಪ್ಪನಿಗೆ ಫೋನ್ ಮಾಡಿದೆ. ಮೂಡಲಪಾಯ ಅಂದರೆ ಅವರಿಗೆ ಗೊತ್ತಾಗಲಿಲ್ಲ. ಮುಖವೀಣೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಓ, ಭಾಗವಂತಿಕೆ ಮೇಳದ್ದಾ" ಅಂದರು. ನಮ್ಮ ತಾತ ಸುಗ್ಗಿ ಮುಗಿದ ಮೇಲೆ ಆಟದಲ್ಲಿ ವೇಷ ಹಾಕುತ್ತಿದ್ದರಂತೆ. ನಲವತ್ಮೂರು ವರ್ಷದಲ್ಲಿ ಈ ಮಾತು ಮನೆಯಲ್ಲಿ ಒಂದು ಸಲವೂ ಬಂದಿಲ್ಲ! ಯಾಕೆ ಹೇಳಲಿಲ್ಲ ಅಂದರೆ "ನೀನು ಕೇಳಲಿಲ್ಲ" ಅಂದರು. ತಾತನದು ಯಾವ ವೇಷ ಅಂದೆ. ಅಪ್ಪನಿಗೆ ನೆನಪಿರುವುದು ಒಂದೇ, ಮಾರನೇ ದಿನ ಹೊಲಕ್ಕೆ ಬಂದಾಗ ಕಿವಿಯ ಹಿಂದೆ ಬಣ್ಣ ಹಾಗೇ ಇರುತ್ತಿತ್ತಂತೆ.

ಕಟ್ಟುತ್ತೇನೆ ಅಂತ ಹೇಳಿ ಬಂದಿದ್ದೇನೆ. ಹನ್ನೊಂದು ವರ್ಷದವನು "ಆಂಟಿ, ನೀವು ಬಲರಾಮ ಆಗಿ, ನಾನು ಕೃಷ್ಣ" ಅಂದ. ಗಾತ್ರ ನೋಡಿಯೇ ಹೇಳಿದ್ದು ಅಂತ ಗೊತ್ತು, ಆದರೂ ಒಪ್ಪಿದೆ. ಇನ್ನು ಆರು ವಾರ ಇದೆ. ವೇಷ ಕಟ್ಟಿ ಅಭ್ಯಾಸ ಇರುವವರು ಏನಾದರೂ ಹೇಳುವುದಿದ್ದರೆ ಹೇಳಿ.

ಕುಂದಾಪ್ರದ ಮಾಣಿ:

ಬಲರಾಮನಿಗೆ ನಮಸ್ಕಾರ!

ಮೂರೇ ಮಾತು. ಗೆಜ್ಜೆ ಕಟ್ಟಿಕೊಂಡು ಈಗಿಂದಲೇ ಅಭ್ಯಾಸ ಮಾಡಿ, ಬರಿಗಾಲಿನ ಹೆಜ್ಜೆಗೂ ಗೆಜ್ಜೆ ಕಾಲಿನ ಹೆಜ್ಜೆಗೂ ಭಾರ ಬೇರೆ. ಕೆಳಗಿನ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿ. ಚೌಕಿಯಲ್ಲಿ (ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದಲ್ಲಿ) ತಲೆಗೆ ಕಟ್ಟುವಾಗ ಬಿಗಿಯಾಯಿತು ಅನಿಸಿದರೆ ಆಗಲೇ ಹೇಳಬೇಕು. ನಾಚಿಕೆ ಪಟ್ಟು ಸುಮ್ಮನಿದ್ದರೆ ಅರ್ಧ ಗಂಟೆಯಲ್ಲಿ ತಲೆ ಸಿಡಿಯುತ್ತದೆ, ಸಡಿಲ ಬಿಟ್ಟರೆ ರಂಗದ ಮೇಲೆ ಜಾರುತ್ತದೆ, ನಡುವೆ ಒಂದು ಅಳತೆ ಇದೆ, ಅದು ಕಟ್ಟುವವರಿಗೆ ಗೊತ್ತು.

ಮತ್ತೆ ಅಕ್ಕಾ, ವೇಷ ಕಟ್ಟುವ ಮುಂಚೆ ಬಾತ್‌ರೂಮಿಗೆ ಹೋಗಿ ಬನ್ನಿ. ಆಮೇಲೆ ಬಿಚ್ಚಲು ಆಗುವುದಿಲ್ಲ.